ಚಿಕ್ಕಮ್ಮ ಸಾಕ್ಷಿ ನುಡಿದದ್ದು

ಮೂರನೇ ವರ್ಷದಲ್ಲಿ ಬಂದ ಜ್ವರದಿಂದ ನನ್ನ ಚಿಕ್ಕಮ್ಮನಿಗೆ ಕಿವಿ ಹೋಯಿತು, ಅದರ ಹಿಂದೆಯೇ ಮಾತೂ ಹೋಯಿತು. ಆದರೂ ಅವಳಂಥ ಮಾತಿನಮಲ್ಲಿಯನ್ನು ನಾನು ಕಂಡಿಲ್ಲ. ಕಿವುಡರ ಶಾಲೆಯಲ್ಲಿ ಕಲಿತ ಕೈಸನ್ನೆಯಲ್ಲೇ ಊರ ಸುದ್ದಿಯೆಲ್ಲ ಹೇಳುತ್ತಿದ್ದಳು. ಅವಳ ಅಕ್ಕ, ಅಂದರೆ ನನ್ನ ಅಮ್ಮ, ಅದನ್ನು ಉಳಿದವರಿಗೆ ಬಾಯಿಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದಳು.

ಚಿಕ್ಕಮ್ಮನ ಕೆಲಸ ಆಸ್ಪತ್ರೆಯ ಲಾಂಡ್ರಿಯಲ್ಲಿ, ಬೆಡ್‌ಶೀಟು ಇಸ್ತ್ರಿ ಮಾಡುವ ದೊಡ್ಡ ಯಂತ್ರದ ಬಳಿ. ಒಂದು ಬೆಳಿಗ್ಗೆ, ಕೆಲಸ ಬೇಗ ಸಾಗಲೆಂದು ಮೇಲ್ವಿಚಾರಕ ಕೈ ಒಳಹೋಗದಂತೆ ಯಂತ್ರದ ಮುಂದೆ ಹಾಕಿದ್ದ ತಡೆಕಂಬಿ ಬಿಚ್ಚಿಟ್ಟ. ಮಧ್ಯಾಹ್ನದೊಳಗೆ ಜೊತೆಗಾತಿಯೊಬ್ಬಳ ಬಲಗೈ ಕಾದ ಉರುಳೆಗಳ ನಡುವೆ ಸಿಕ್ಕಿಕೊಂಡಿತು. ಕಂಬಿ ಬಿಚ್ಚಿದ್ದು ಆ ಜೊತೆಗಾತಿಯೇ ಎಂದು ಮೇಲ್ವಿಚಾರಕ ಕೈತೊಳೆದುಕೊಂಡ. ಅವನು ಬಿಚ್ಚಿದ್ದನ್ನು ಕಣ್ಣಾರೆ ಕಂಡವಳು ಚಿಕ್ಕಮ್ಮ ಒಬ್ಬಳೇ.

ಜೊತೆಗಾತಿ ಕೋರ್ಟಿಗೆ ಹೋದಳು. ಚಿಕ್ಕಮ್ಮ ಕಟಕಟೆ ಹತ್ತಿದಾಗ ಎದುರು ಪಕ್ಷದ ವಕೀಲರು, ಕಿರುಚಿದರಾದರೂ ಕೇಳಿಸೀತು ಎಂಬಂತೆ ಗಂಟಲು ಹರಿದುಕೊಂಡರು. ಬಿಡಿಸಿ ಹೇಳಲೆಂದು ಪಕ್ಕದಲ್ಲಿ ನಿಂತಿದ್ದ ಅಮ್ಮನತ್ತ ಚಿಕ್ಕಮ್ಮ ಕೈಯಾಡಿಸಿದಳು: "ಪಾಪ, ಇವರಿಗೆ ಹಲ್ಲುನೋವಾ?"

ಅಮ್ಮ ನಕ್ಕುಬಿಟ್ಟಳು. ವಕೀಲರಿಗೆ ಅಷ್ಟೇ ಸಾಕಾಯಿತು. "ಸ್ವಾಮಿ, ಒಡಹುಟ್ಟಿದ ಅಕ್ಕ ಹೇಳೋದನ್ನ ಹೇಗೆ ನಂಬೋದು?" ಬೇರೆ ದುಭಾಷಿಯನ್ನು ಕರೆಸುವ ವ್ಯವಸ್ಥೆ ಕೋರ್ಟಿನಲ್ಲಿ ಇರಲಿಲ್ಲ. ಸಾಕ್ಷಿಗಳ ಪಟ್ಟಿಯಿಂದ ಚಿಕ್ಕಮ್ಮನನ್ನು ಕೈಬಿಟ್ಟರು.

ಜೊತೆಗಾತಿಯ ವಕೀಲೆ ಸುಮ್ಮನೆ ಕೂರುವ ಹೆಂಗಸಲ್ಲ. ಚಿಕ್ಕಮ್ಮನ ಪರವಾಗಿ ದೇಶದ ಅತಿ ದೊಡ್ಡ ಕೋರ್ಟಿಗೇ ಅರ್ಜಿ ಹಾಕಿದರು. ನಮ್ಮ ಅಡುಗೆಮನೆಯಲ್ಲಿ ಕೂತು ವಿವರಿಸಿದರು: "ಕಾನೂನಿನ ಮುಂದೆ ಎಲ್ಲರೂ ಸಮಾನರು ಅಂತ ಸಂವಿಧಾನದಲ್ಲಿದೆ. ದುಭಾಷಿ ವಿಷಯ ಅದರಲ್ಲಿಲ್ಲ. ಆದ್ರೆ ಅಂಗವಿಕಲರ ಹಕ್ಕುಗಳ ಬಗ್ಗೆ ಎಷ್ಟೋ ದೇಶಗಳು ಸೇರಿ ಒಂದು ಒಪ್ಪಂದ ಮಾಡ್ಕೊಂಡಿವೆ, ಅದರ ಬಲದ ಮೇಲೆ ಕೇಳಬಹುದು. ಅದಕ್ಕೆ ನಮ್ಮ ಸರ್ಕಾರಾನೂ ರುಜು ಹಾಕಿದೆ."

ಅಮ್ಮ ಇದನ್ನೆಲ್ಲ ಕೈಯಲ್ಲಿ ತಿಳಿಸಿದ ಮೇಲೆ ಚಿಕ್ಕಮ್ಮ ಕೇಳಿದಳು: "ರುಜು ಹಾಕಿದ ಮೇಲೆ ಇನ್ನೇನು ತಕರಾರು?"

ತಕರಾರಿತ್ತು. ಪಾರ್ಲಿಮೆಂಟು ಆ ಒಪ್ಪಂದವನ್ನು ಕಾನೂನಾಗಿ ಮಾಡಿಲ್ಲ, ಹಾಗಾಗಿ ಅದು ಇಲ್ಲಿ ನಡೆಯದು ಎಂದು ಸರ್ಕಾರ ವಾದಿಸಿತು. ಎರಡು ವರ್ಷದ ಮೇಲೆ ತೀರ್ಪು ಬಂತು. "ಲೋಕದ ಮುಂದೆ ಕೊಟ್ಟ ಮಾತಿಗೆ ಮನೆಯೊಳಗೂ ಬೆಲೆ ಇರಬೇಕು," ಎಂದರು ಹಿರಿಯ ನ್ಯಾಯಾಧೀಶೆ. ಸಂವಿಧಾನದ 'ಸಮಾನ' ಎಂಬ ಪದಕ್ಕೆ ಅರ್ಥ ಹೇಳುವಾಗ ಆ ಒಪ್ಪಂದವನ್ನೂ ಜೊತೆಗಿಟ್ಟುಕೊಂಡೇ ಓದಬೇಕು, ದುಭಾಷಿಯನ್ನು ಸರ್ಕಾರವೇ ಒದಗಿಸಬೇಕು ಎಂದು ಆಜ್ಞೆಯಾಯಿತು.

ಚಿಕ್ಕಮ್ಮ ಮತ್ತೆ ಕಟಕಟೆ ಹತ್ತಿದಳು. ಪಕ್ಕದಲ್ಲಿ ದುಭಾಷಿಯಾಗಿ ಕಿವುಡರ ಶಾಲೆಯ ಮೇಷ್ಟ್ರೊಬ್ಬರು ನಿಂತರು. ಯಾವ ಸ್ಪ್ಯಾನರು, ಎಷ್ಟು ಬೋಲ್ಟು, ಮೇಲ್ವಿಚಾರಕ ಕಂಬಿಯನ್ನು ಯಾವ ಗೋಡೆಗೆ ಒರಗಿಸಿದ, ಒಂದೂ ಬಿಡದೆ ಹೇಳಿದಳು.

"ಇಷ್ಟು ದಿನದ ಮೇಲೂ ಹೇಗಮ್ಮ ನೆನಪಿದೆ?" ವಕೀಲರು ಕೆಣಕಿದರು.

"ಗದ್ದಲ ನನ್ನ ಗಮನ ಕೆಡಿಸಲ್ಲ, ಸ್ವಾಮಿ."

ಜೊತೆಗಾತಿ ಗೆದ್ದಳು. ಈಗ ಲಾಂಡ್ರಿಯ ಕೌಂಟರಿನಲ್ಲಿ ಕೂತು ಎಡಗೈಯಲ್ಲಿ ಬರೆಯುತ್ತಾಳೆ. ಯಂತ್ರಗಳಿಗೆಲ್ಲ ಬಿಚ್ಚಲಾಗದಂತೆ ಕಂಬಿ ಬೆಸೆದಿದ್ದಾರೆ.

ಚಿಕ್ಕಮ್ಮ ಸಾಕ್ಷಿ ಹೇಳಿದ ದಿನವಿಡೀ ಅಮ್ಮ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದಳು. ತಂಗಿಯ ಮಾತನ್ನು ಯಾರಿಗೂ ಬಿಡಿಸಿ ಹೇಳದೆ ಸುಮ್ಮನೆ ನೋಡಿದ್ದು ನಲವತ್ತು ವರ್ಷದಲ್ಲಿ ಅದೇ ಮೊದಲಂತೆ. ಮನೆಗೆ ಬಂದು ವಕೀಲೆಗೆ ಫೋನು ಮಾಡಿ "ಹಲೋ" ಅಂದಳಷ್ಟೇ. ಚಿಕ್ಕಮ್ಮ ಫೋನು ಕಸಿದುಕೊಂಡು, ವಿಡಿಯೊ ಹಾಕಿ, ಹತ್ತು ನಿಮಿಷ ಕೃತಜ್ಞತೆ ಹೇಳಿದಳು. ವಕೀಲೆಗೆ ಕಾಲುಭಾಗವೂ ಅರ್ಥವಾಗಿರಲಿಕ್ಕಿಲ್ಲ. ಆದರೂ ಕಣ್ಣೊರೆಸಿಕೊಳ್ಳುತ್ತ ಕೊನೆಯವರೆಗೂ ನೋಡಿದರು. ಆ ಒಪ್ಪಂದ ಬರೆದವರ ವಿಳಾಸವನ್ನೂ ಚಿಕ್ಕಮ್ಮ ಕೇಳಿದ್ದಳು. ಅವರಿಗೂ ಒಂದು ಕಾಗದ ಹಾಕುವುದಿತ್ತಂತೆ.