ಮಂದೆ ಬರುವ ಸಾಲು

ಎಪ್ಪತ್ತರ ದಶಕದಲ್ಲಿ ನಮ್ಮ ಸೂಲಿಬೆಲೆ ಕಡೆ ಎಲ್ಲರೂ ಯೂರಿಯಾ ಚೆಲ್ಲುತ್ತಿದ್ದಾಗ, ಎಂಟು ಹೊಲಗಳ ಒಂದು ಸಾಲು ಮಾತ್ರ ಅದನ್ನು ಮುಟ್ಟಲಿಲ್ಲ. ನೋಡಲು ಬಂದವರು ಅಲ್ಲಿನ ಮಣ್ಣಿನ ಗುಣ ಎನ್ನುತ್ತಿದ್ದರು. ಮಣ್ಣೂ ಅಲ್ಲ, ಮಣ್ಣಾಂಗಟ್ಟಿಯೂ ಅಲ್ಲ. ಕಾರಣ ನನ್ನ ಪೆದ್ದುತನ, ಮತ್ತೆ ಪಕ್ಕದ ಹೊಲದ ಅಕ್ಕ.

ರಾಗಿ ಕೊಯ್ಲಾದ ಮೇಲೆ ಶಿರಾ ಕಡೆಯಿಂದ ಕುರಿಮಂದೆ ಬರುತ್ತಿತ್ತು. ಹಗಲೆಲ್ಲ ಕೂಳೆ ಮೇಯ್ದು, ರಾತ್ರಿ ಸರದಿಯಂತೆ ಒಂದೊಂದು ಹೊಲದಲ್ಲಿ ಮಲಗಿದರೆ ಹಿಕ್ಕೆಯೇ ಆ ವರ್ಷದ ಗೊಬ್ಬರ. ಅಷ್ಟು ದೊಡ್ಡ ಮಂದೆ ಒಬ್ಬನ ಹೊಲಕ್ಕೆಂದು ಬರುವುದಿಲ್ಲ, ಸಾಲು ಹೊಲಗಳು ಬೇಕು. ಗಂಡನನ್ನು ಕಳೆದುಕೊಂಡಿದ್ದ ಅಕ್ಕನಿಗೆ ದನವಿಲ್ಲ, ತಿಪ್ಪೆಯಿಲ್ಲ. ಮಂದೆ ತಪ್ಪಿದರೆ ಅವರ ರಾಗಿಯೂ ತಪ್ಪಿದಂತೆಯೇ.

ಬೇಸಾಯ ಹೊಸದಾಗಿ ಕೈಗೆ ಬಂದ ಜಂಭ ನನಗೆ. ಮಂದೆ ನಮ್ಮ ಸಾಲಿನಲ್ಲಿದ್ದಾಗಲೇ ಕೋಸಿಗೆಂದು ಯೂರಿಯಾ ತಂದವನು, ಬಾಯಿ ಬಿಚ್ಚಿದ ಮೂಟೆಯನ್ನು ಹೊಂಗೆ ಮರದಡಿ ಬಿಟ್ಟು ಊಟಕ್ಕೆ ಹೋದೆ. ಕುರಿಗಳು ಉಪ್ಪೆಂದು ನೆಕ್ಕಿದವು. ಎರಡು ಕುರಿ ಹೊಟ್ಟೆ ಉಬ್ಬಿ ಸತ್ತವು. ಮಂದೆಯವನು ಬೈಯಲಿಲ್ಲ, ರಾತ್ರಿ ಕುರಿ ಕೂಡುವ ಬಲೆ ಸುತ್ತಿದ.

“ಈ ಸಾಲಿಗೆ ಇನ್ ಬರಲ್ಲ ಕಣಪ್ಪ” ಎಂದ.

ಅಕ್ಕ ಮನೆಗೆ ಹೋಗಿ, ತಮಗಿದ್ದ ಎರಡೇ ಎರಡು ಮೇಕೆಗಳನ್ನು ಹಿಡಿದು ತಂದು ಹಗ್ಗವನ್ನು ಅವನ ಕೈಗಿಟ್ಟರು.

“ಮುಂದಿನ್ ವರ್ಷ ಬಾರಣ್ಣ. ಎಂಟು ಹೊಲ್ದಲ್ಲೂ ಆ ಬಿಳೀ ಗೊಬ್ರ ಇರಲ್ಲ. ನಾನ್ ಹೇಳ್ತಿದೀನಲ್ಲ.”

ಉಳಿದ ಏಳು ಜನರನ್ನು ಅವರು ಕೇಳಿರಲಿಲ್ಲ! ಆಮೇಲೆ ಮನೆಮನೆಗೆ ಹೋದರು. ನಮ್ಮ ಜಗುಲಿಗೂ ಬಂದರು. ಬೈದಿದ್ದರೆ ಹಗುರಾಗುತ್ತಿದ್ದೆ. ಮೇಕೆಯ ಸುದ್ದಿಯನ್ನೇ ಎತ್ತಲಿಲ್ಲ.

“ನಿನ್ ಹೊಲ ನಟ್ಟನಡೂವೆ ಐತೆ ಕಣಪ್ಪ. ನೀನ್ ಹಾಕಿದ್ರೆ ನನ್ ಮಾತು ಹೋಯ್ತು.”

ಆವತ್ತು ನನಗಾದ ನಾಚಿಕೆ ಇವತ್ತಿಗೂ ಮಾಸಿಲ್ಲ. ಮೇಕೆಗೆ ಬದಲು ನಮ್ಮ ಕರು ಕೊಡುತ್ತೇನೆಂದೆ. “ಮೊದ್ಲು ಮಂದೆ ಬರ್ಲಿ” ಎಂದು ಎದ್ದು ಹೋದರು. ಉಳಿದ ಮೂಟೆಯನ್ನು ಮಾರನೆಯ ದಿನವೇ ಹೊಸಕೋಟೆಯ ಅಂಗಡಿಗೆ ವಾಪಸು ಕೊಟ್ಟೆ.

ಮರುವರ್ಷ ಮಂದೆ ಬಂತು. ನನ್ನ ಬದುವಿನ ಹತ್ತಿರ ಅವನು ಕುರಿಗಳನ್ನು ತಡೆದು ನಿಂತ. ಯೂರಿಯಾ ಹಾಕಿಲ್ಲವೆಂದು ಆಣೆ ಇಡಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಹೊಲಕ್ಕಿಳಿದರು. ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಯ ಮೇಲಿಟ್ಟುಕೊಂಡು, ನುಂಗಿದರು.

“ಹೊಡ್ಕೊಂಡ್ ಬಾರಣ್ಣ” ಎಂದರು.