ನಿಮ್ಮ ಬಂದೂಕಿಗೆ ನಾನು ಹಾಕಿದ ಎಣ್ಣೆ

ವೆಂಕಟೇಶಣ್ಣ, ಆ ದಿನ ನಿಮ್ಮ ಬಂದೂಕಿಗೆ ನಾನು ಹಾಕಿದ್ದು ಕೊಬ್ಬರಿ ಎಣ್ಣೆ.

ಆರು ವರ್ಷ ಈ ಒಂದು ಸಾಲನ್ನು ನುಂಗಿಕೊಂಡು ಓಡಾಡಿದೆ. ನೀವು ಕೊಟ್ಟ ಎಣ್ಣೆಯ ಡಬ್ಬಿ ನಮ್ಮ ಮನೆಯಲ್ಲೇ ಉಳಿದುಹೋಗಿತ್ತು. ನೀವು ಕೇಳಿದಾಗ ಸುಳ್ಳು ಹೇಳಿದೆ. ನಿಮ್ಮ ಬಂದೂಕು ಕೆಟ್ಟಿರಲಿಲ್ಲ, ನಿಮ್ಮ ಕೈಯೂ ಕೆಟ್ಟಿರಲಿಲ್ಲ. ಕೆಟ್ಟದ್ದು ಏನು ಎಂಬುದನ್ನು ಹೇಳುವುದಕ್ಕೇ ಈ ಕಾಗದ.

ಬಾಯಲ್ಲೇ ಹೇಳಬಹುದಿತ್ತು. ಇಲ್ಲಿ ಬಾಥೆಲ್‌ನಲ್ಲಿ ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಮೂರೇ ಮನೆ. ಹೇಳಿಯೇಬಿಡೋಣ ಎಂದು ಎಷ್ಟು ಸಲ ಹೊರಟಿದ್ದೆನೋ — ಬಾಗಿಲು ತೆಗೆದವರೇ ನೀವು "ಬಾಮ್ಮಾ ನಸೀಮಾ, ಸರೋಜಾ ಈಗ್ತಾನೆ ಕಾಫಿಗಿಟ್ಟಳು" ಅನ್ನುತ್ತೀರಿ. ನಾನು ಕಾಫಿ ಕುಡಿದು, ಸರೋಜಕ್ಕನ ಚಕ್ಕುಲಿ ಮುರಿದು ತಿಂದು, ಹೊತ್ತುಕೊಂಡು ಹೋದ ಮಾತನ್ನು ಹಾಗೆಯೇ ಹೊತ್ತುಕೊಂಡು ವಾಪಸು ಬರುತ್ತೇನೆ. ಬಾಯಿಬಡುಕಿ ಎಂದು ಕಾಲೊನಿಗೆಲ್ಲ ಹೆಸರಾದವಳಿಗೆ ಇದೊಂದು ಮಾತು ಮಾತ್ರ ಬಾಯಿಗೆ ಬರುವುದಿಲ್ಲ. ಬರೆದರೆ ಕಾಫಿಯಾದರೂ ಅಡ್ಡ ಬರುವುದಿಲ್ಲವಲ್ಲ.

ತಪ್ಪಿಗಿಂತ ಮೊದಲಿನದನ್ನು ಸ್ವಲ್ಪ ಹೇಳಿಕೊಳ್ಳಬೇಕು. ಅದಿಲ್ಲದೆ ನಾನು ಕೆಡಿಸಿದ್ದು ಎಷ್ಟು ದೊಡ್ಡದು ಎಂದು ನನಗೇ ತಿಳಿಯುವುದಿಲ್ಲ.

ನನಗೆ ಶಬ್ದವೆಂದರೆ ಪ್ರಾಣಭಯ. ಮೈಸೂರಿನಲ್ಲಿ ದೀಪಾವಳಿ ಬಂತೆಂದರೆ ಅಮ್ಮಿಯ ಸೆರಗಿನೊಳಗೆ ತಲೆ ತೂರಿಸಿಕೊಂಡು ಮೂರು ದಿನ ಕಳೆಯುತ್ತಿದ್ದೆ. ಇಲ್ಲಿಗೆ ಬಂದ ಮೇಲೂ ಇಲ್ಲಿನವರ ಸ್ವಾತಂತ್ರ್ಯ ದಿನದ, ಜುಲೈ ನಾಲ್ಕರ ಪಟಾಕಿಗೆ ಬಾತ್‌ರೂಮಿನಲ್ಲಿ ಫ್ಯಾನು ಹಾಕಿಕೊಂಡು ಕೂರುತ್ತಿದ್ದೆ. ಒಮ್ಮೆ ನಮ್ಮ ಲ್ಯಾಬಿನವರೆಲ್ಲ ಒಟ್ಟಾಗಿ ಮಣ್ಣಿನ ಬಿಲ್ಲೆ ಹೊಡೆಯುವ ಆಟಕ್ಕೆ ಹೋದರು — ಯಂತ್ರವೊಂದು ಕಿತ್ತಳೆ ಬಣ್ಣದ ಬಿಲ್ಲೆಯನ್ನು ಆಕಾಶಕ್ಕೆ ಎಸೆಯುತ್ತದೆ, ಅದು ಕೆಳಗೆ ಬೀಳುವುದರೊಳಗೆ ಬಂದೂಕಿನಿಂದ ಒಡೆಯಬೇಕು. ಅವರು ಒಡೆಯುತ್ತಿದ್ದರು, ನಾನು ಕಾರಿನೊಳಗೆ ಗಾಜು ಏರಿಸಿಕೊಂಡು ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದೆ. ಇದನ್ನು ಸರೋಜಕ್ಕನಿಗೆ ನಗುನಗುತ್ತ ಹೇಳುತ್ತಿದ್ದಾಗ ನೀವು ಒಳಗಿನಿಂದ ಕೇಳಿಸಿಕೊಂಡು ಹೊರಗೆ ಬಂದಿರಿ.

"ಭಯ ಇರೋದು ಬಂದೂಕಿಗಾ, ಶಬ್ದಕ್ಕಾ?"

"ಶಬ್ದಕ್ಕೆ ಅಣ್ಣ."

"ಹಾಗಾದ್ರೆ ಶಬ್ದ ನಿನ್ನ ಕೈಲೇ ಇರ್ಲಿ. ಶನಿವಾರ ನನ್ ಜೊತೆ ಬಾ."

ನಾನು ನಗುತ್ತಿದ್ದೆ. ನೀವು ನಗಲಿಲ್ಲ. ನಾನು ತಮಾಷೆ ಮಾಡಿ ಮುಚ್ಚಿಡುತ್ತಿದ್ದ ಭಯವನ್ನು ಭಯ ಎಂದೇ ತೆಗೆದುಕೊಂಡ ಮೊದಲನೆಯವರು ನೀವು.

ಇಸ್ಸಾಕ್ವಾ ಊರು ದಾಟಿ, ಬೆಟ್ಟದ ಬುಡದಲ್ಲಿ ಬಿಲ್ಲೆ ಹೊಡೆಯುವ ಆ ಮೈದಾನದಲ್ಲಿ ಮೂರು ಶನಿವಾರ ನೀವು ನನ್ನ ಕೈಗೆ ಬಂದೂಕನ್ನೇ ಕೊಡಲಿಲ್ಲ. ಬರೀ ನಿಂತು ಕೇಳು ಅಂದಿರಿ. ಒಂದು ಹೆಜ್ಜೆ ಹಿಂದೆ ನೀವೂ ನಿಂತಿರುತ್ತಿದ್ದಿರಿ. ಸ್ಕಾರ್ಫಿನ ಮೇಲೆ ಕಿವಿ ಮುಚ್ಚುವ ದಪ್ಪ ಬಟ್ಟಲುಗಳನ್ನು ಹಾಕಿಕೊಂಡ ನನ್ನನ್ನು ಒಬ್ಬ ಮನುಷ್ಯ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಾಗ, ನೀವು ಇಂಗ್ಲಿಷಿನಲ್ಲಿ ತಣ್ಣಗೆ "ನನ್ನ ತಂಗಿ, ಇನ್ನೆರಡು ತಿಂಗಳು ಬಿಟ್ಟು ಬಂದು ನೋಡಿ" ಅಂದಿರಿ. ಅವನು ಆಮೇಲೆ ನಮಗೆ ಕಾಫಿ ತಂದುಕೊಟ್ಟ. ನಾನು ಮೊದಲ ಬಿಲ್ಲೆ ಒಡೆದ ದಿನ ನೀವು ಕೂಗಿದ ಕೂಗಿಗೆ ನನ್ನ ಗುಂಡಿನ ಸದ್ದು ನನಗೇ ಕೇಳಿಸಲಿಲ್ಲ. ಮುಂದಿನ ಜುಲೈ ನಾಲ್ಕಕ್ಕೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಪಟಾಕಿ ನೋಡಿದೆ. ಐವತ್ತು ಹತ್ತಿರವಾಗುತ್ತಿದ್ದ ಹೆಂಗಸಿಗೆ ಹೊಸ ಆಕಾಶವನ್ನೇ ಕೊಟ್ಟಿರಿ ಅಣ್ಣ — ಇದನ್ನಾದರೂ ಬಾಯಿಬಿಟ್ಟು ಹೇಳಿದ್ದೆನೋ ಇಲ್ಲವೋ.

ಆಮೇಲೆ ನನ್ನದೇ ಒಂದು ಬಂದೂಕು ಬೇಕು ಅನ್ನಿಸಿತು. ಸೆಮಿ-ಆಟೋಮ್ಯಾಟಿಕ್ ಶಾಟ್‌ಗನ್ ಆಗಬೇಕು, ಒಂದು ಹೊಡೆದ ಕೂಡಲೇ ಖಾಲಿ ತೋಟಾವನ್ನು ತಾನೇ ಹೊರಗೆ ಎಸೆದು ಇನ್ನೊಂದನ್ನು ತಾನೇ ಒಳಗೆ ತೆಗೆದುಕೊಳ್ಳುವಂಥದ್ದು. ಕಣ್ಣಮುಂದೆ ಎರಡಿದ್ದವು. ಒಂದು ನಿಮ್ಮ ಹಳೆಯದು — ಗುಂಡಿನ ಹೊಗೆಯ ಒತ್ತಡದಿಂದಲೇ ನಡೆಯುವಂಥದ್ದು. ತೂಕ ಹೆಚ್ಚು, ಭುಜಕ್ಕೆ ಮೆತ್ತಗೆ, ಆದರೆ ಆಗಾಗ ಬಿಚ್ಚಿ ಮಸಿ ಒರೆಸಬೇಕು. ಇನ್ನೊಂದು ನಮ್ಮ ಜೊತೆ ಮೈದಾನಕ್ಕೆ ಬರುತ್ತಿದ್ದ ನಾಗೇಂದ್ರನದು — ಗುಂಡಿನ ಹಿಂದೊದೆತದಿಂದ ನಡೆಯುವಂಥದ್ದು. ಹಗುರ, ಮಸಿ ಕಡಿಮೆ, ಆದರೆ ಭುಜಕ್ಕೆ ಚೆನ್ನಾಗಿ ಗುದ್ದುತ್ತದೆ. ನಾಗೇಂದ್ರನೋ, ಪೇಟೆ ಮಧ್ಯದ ಡೆನ್ನಿ ಟ್ರಯಾಂಗಲ್‌ನ ಗಾಜಿನ ಕಟ್ಟಡದಲ್ಲಿ ಕೂತು ನಾಲ್ಕು ವಿಡಿಯೋ ನೋಡಿ ಎಂಟು ಜನಕ್ಕೆ ಪಾಠ ಮಾಡುವ ಪೈಕಿ. ನಮ್ಮಿಬ್ಬರ ಜಟಾಪಟಿ ನಿಮಗೆ ಗೊತ್ತೇ ಇದೆ. ಅವನು ನನ್ನ ಒಂದು ತಪ್ಪಿಗೆ ಕಾಯುತ್ತಿದ್ದ, ನಾನು ಅವನದಕ್ಕೆ.

ನನಗೆ ಬೇಕಾಗಿದ್ದದ್ದು ಒಂದೇ, ನಡುವೆ ಕೈಕೊಡದ ಬಂದೂಕು. ಹೊಡೆಯುತ್ತ ಹೊಡೆಯುತ್ತ ಅದು ನಿಂತುಬಿಟ್ಟರೆ ನನ್ನ ಹಳೆಯ ಭಯ ಮತ್ತೆ ಬರುತ್ತಿತ್ತು. ಅದಕ್ಕೇ ನೀವು ಪಂದ್ಯ ಇಟ್ಟಿರಿ. ಜನವರಿಯ ಶನಿವಾರ, ಒಂದೇ ಬಗೆಯ ತೋಟಾ, ಎರಡಕ್ಕೂ ನೂರು ನೂರು, ಇಪ್ಪತ್ತೈದರಂತೆ ನಾಲ್ಕು ಸುತ್ತು. ಹಿಂದಿನ ವಾರವೇ ನನ್ನ ಕೈಗೆ ಎಣ್ಣೆಯ ಡಬ್ಬಿ ಕೊಟ್ಟು ಹೇಳಿದ್ದಿರಿ, "ಬಿಚ್ಚಿ, ಒರೆಸಿ, ಜೋಡಿಸಿ ತರ್ತೀನಿ. ಎಣ್ಣೆ ಮಾತ್ರ ನಿನ್ ಕೈಯಿಂದ ಆಗ್ಲಿ. ಎರಡೇ ತೊಟ್ಟು ಮತ್ತೆ!" ಶಿಷ್ಯೆಗೆ ಅದಕ್ಕಿಂತ ದೊಡ್ಡ ಮರ್ಯಾದೆ ಯಾವುದು?

ಆ ಬೆಳಿಗ್ಗೆ ಲ್ಯಾಬಿನಲ್ಲಿ ಬೆಳೆಸುವ ಜೀವಕೋಶಗಳ ಆಹಾರ ಬದಲಿಸುವ ಸರದಿ ನನ್ನದಿತ್ತು. ಅಲ್ಲಿಂದ ನೇರ ನನ್ನ ಕಾರಿನಲ್ಲೇ ಬಂದೆ. ನಿಮ್ಮ ಡಬ್ಬಿ ಮನೆಯ ಚಪ್ಪಲಿ ಗೂಡಿನ ಮೇಲೆ ಉಳಿದಿದೆ ಎಂದು ನೆನಪಾದಾಗ ಇಸ್ಸಾಕ್ವಾ ದಾಟಿ ಆಗಿತ್ತು. ಸೀಟಿನ ಪಕ್ಕದಲ್ಲಿ ಕೊಬ್ಬರಿ ಎಣ್ಣೆಯ ಪುಟ್ಟ ಬಾಟಲಿ ಇತ್ತು. ದಿನಕ್ಕೆ ಮೂವತ್ತು ಸಲ ಕೈ ತೊಳೆಯುವ ಕೆಲಸ ನಮ್ಮದು, ಚರ್ಮ ಒಡೆಯುತ್ತದೆ, ಅದಕ್ಕೆ ಇಟ್ಟುಕೊಂಡದ್ದು. ಕಾರಿನ ಹೀಟರಿನ ಬಿಸಿಗೆ ಎಣ್ಣೆ ನೀರಿನ ಹಾಗೆ ತಿಳಿಯಾಗಿತ್ತು. ನಮ್ಮ ಅಮ್ಮಿ ಕಿರುಗುಟ್ಟುವ ಬಾಗಿಲಿಗೆ, ಕತ್ತರಿಗೆ, ಹೊಲಿಗೆ ಮೆಷಿನ್ನಿಗೆ, ನನ್ನ ತಲೆಗೆ — ಎಲ್ಲಕ್ಕೂ ಒಂದೇ ಬಾಟಲಿಯಿಂದ ಹಾಕುತ್ತಿದ್ದಳು. ಎಣ್ಣೆ ಎಣ್ಣೆಯೇ ಅಲ್ಲವೇ ಅಂದುಕೊಂಡೆ. ಲ್ಯಾಬಿನಲ್ಲಿ ಲೇಬಲ್ ಇಲ್ಲದ ಬಾಟಲಿಯನ್ನು ಬೆರಳಿನಿಂದಲೂ ಮುಟ್ಟದವಳು ನಾನು.

ನೀವು ಹತ್ತೇ ಹೆಜ್ಜೆ ದೂರದಲ್ಲಿದ್ದಿರಿ, ನಾಗೇಂದ್ರನ ಜೊತೆ ಏನೋ ಹೇಳಿ ನಗುತ್ತ. ಅಣ್ಣ, ಡಬ್ಬಿ ಮರೆತೆ ಅಂದಿದ್ದರೆ ಮುಗಿಯುತ್ತಿತ್ತು. ಅವನೆದುರಿಗೆ ಹೇಳಬೇಕಲ್ಲ — ಅಷ್ಟೇ, ಅದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ. ಮೇಜಿನ ಮೇಲೆ ನಿಮ್ಮ ಬಂದೂಕಿನ ಒಳಗೆ, ಜಾರುವ ಭಾಗಕ್ಕೆಲ್ಲ ಎಣ್ಣೆ ಬಿಟ್ಟೆ. ಎರಡು ತೊಟ್ಟಲ್ಲ, ಅಭ್ಯಂಜನಕ್ಕೆ ಹಚ್ಚುವ ಹಾಗೆ ಧಾರಾಳವಾಗಿ.

ನಾಗೇಂದ್ರನದು ಮೊದಲ ಸುತ್ತನ್ನು ಒಂದು ತಕರಾರಿಲ್ಲದೆ ಮುಗಿಸಿತು. ಅಷ್ಟು ಹೊತ್ತು ನಿಮ್ಮದು ಹೊರಗೆ, ಮರದ ಚೌಕಟ್ಟಿನಲ್ಲಿ, ಹಲ್ಲು ಕಡಿಯುವ ಚಳಿಯಲ್ಲಿ ಒರಗಿ ನಿಂತಿತ್ತು. ನಿಮ್ಮ ಸರದಿ ಬಂದಾಗ ಅದು ಮೂರನೆಯ ಗುಂಡಿಗೇ ಸಿಕ್ಕಿಹಾಕಿಕೊಂಡಿತು. ಖಾಲಿ ತೋಟಾ ಅರ್ಧ ಹೊರಗೆ, ಅರ್ಧ ಒಳಗೆ. ನೀವು ಬಿಡಿಸಿದಿರಿ. ಐದನೆಯದಕ್ಕೆ ಮತ್ತೆ. ಹೊಡೆದು ಹೊಡೆದು ಬಿಸಿಯಾದ ಮೇಲೆ ಸರಿಹೋಗುತ್ತಿತ್ತು, ಸುತ್ತು ಮುಗಿದು ಸ್ವಲ್ಪ ತಣ್ಣಗಾದರೆ ಮತ್ತೆ ಹಠ. ನೀವು ಬಗ್ಗಿ ಬಗ್ಗಿ ನೋಡುತ್ತಿದ್ದಿರಿ. ನನಗೆ ಕೈ ಉರಿಯುತ್ತಿತ್ತು, ಸ್ವಲ್ಪ ಹಚ್ಚಿಕೊಳ್ಳೋಣ ಎಂದು ಮೇಜಿನ ಮೇಲಿದ್ದ ಬಾಟಲಿ ಎತ್ತಿಕೊಂಡೆ. ಎಣ್ಣೆ ಕುತ್ತಿಗೆಯವರೆಗೂ ಬೆಳ್ಳಗೆ ಹೆಪ್ಪುಗಟ್ಟಿತ್ತು.

ಆ ಕ್ಷಣವೇ ಗೊತ್ತಾಯಿತು ಅಣ್ಣ. ಆಮೇಲೆ ತಿಳಿಯಿತು ಎಂದು ಹೇಳುವ ಹಾಗಿಲ್ಲ. ಬಾಟಲಿಯನ್ನು ಜಾಕೆಟ್ಟಿನ ಜೇಬಿಗೆ ತುರುಕಿದೆ, ಅದರ ಮೇಲೆ ಮುಷ್ಟಿ ಬಿಗಿಹಿಡಿದೆ. ಅದೇ ಹೊತ್ತಿಗೆ ನೀವು ನನ್ನ ಕಡೆ ತಿರುಗಿದಿರಿ.

"ನಸೀಮಾ, ನಾನು ಕೊಟ್ಟಿದ್ ಎಣ್ಣೆನೇ ತಾನೆ ಹಾಕಿದ್ದು?"

"ಹೌದಣ್ಣ."

ಒಂದೇ ಪದ. ನೀವು ಎರಡನೆಯ ಸಲ ಕೇಳಲಿಲ್ಲ. ನಾನು ಹೇಳಿದ್ದು ನಿಮಗೆ ಸಾಕಾಗಿತ್ತು. ಕೈಗವಸು ಕಳಚಿ ನಿಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಿರಿ. "ಹಾಗಾದ್ರೆ ನಾನೇ ಎಲ್ಲೋ ತಪ್ಪು ಜೋಡಿಸಿದೀನಿ" ಅಂದಿರಿ. ನಾಗೇಂದ್ರ ನಗುತ್ತಾನೆ ಎಂದುಕೊಂಡಿದ್ದೆ. ಪಾಪ, ಅವನು ನಗಲಿಲ್ಲ. "ಬಿಡಿ ಸಾರ್, ಹಳೇ ಗನ್ನು" ಎಂದು ಮೆಲ್ಲಗೆ ಅಂದ. ನೂರು ಗುಂಡಿಗೆ ಒಂಬತ್ತು ಸಲ ಕೈಕೊಟ್ಟ ಬಂದೂಕನ್ನು ನೀವು ಬಿಚ್ಚಿ ನೋಡದೆ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಿರಿ.

ಮುಂದಿನ ವಾರ ಹೇಳೋಣ ಅಂದುಕೊಂಡೆ. ಮುಂದಿನ ವಾರ, ಇನ್ನೊಂದು ವಾರ — ಅಷ್ಟರಲ್ಲಿ ಬಂದೂಕು ಕೊಳ್ಳುವ ಕಾಗದಪತ್ರವೆಲ್ಲ ಮುಗಿದು ನಾಗೇಂದ್ರನದರಂಥದ್ದೇ ನನ್ನ ಕೈಗೆ ಬಂತು. ನೀವು ಬಂದು ನೋಡಿ, ಭುಜಕ್ಕಿಟ್ಟು, "ಒಳ್ಳೇದನ್ನೇ ಆರಿಸಿದೀಯ" ಅಂದಿರಿ. ನಿಜ, ಒಳ್ಳೆಯದೇ. ಇವತ್ತಿನವರೆಗೆ ಒಂದು ಸಲ ನಿಂತಿಲ್ಲ. ಅದು ಖಾಲಿ ತೋಟಾ ಎಸೆದಾಗಲೆಲ್ಲ ನನಗೆ ನಿಮ್ಮ ಅಂಗೈ ನೆನಪಾಗುತ್ತದೆ. ನೀವು ಮಾತ್ರ ಆಮೇಲೆ ಬರುವುದು ಕಡಿಮೆ ಮಾಡಿದಿರಿ. ಒಂದು ಸಲ ಚಳಿ ಅಂದಿರಿ, ಒಂದು ಸಲ ಬೆನ್ನು ಅಂದಿರಿ. ಅರವತ್ತೆಂಟಾಯಿತಲ್ಲ, ಸಹಜ ಎಂದು ನಾನೂ ನನಗೆ ಅನುಕೂಲವಾದದ್ದನ್ನೇ ನಂಬಿಕೊಂಡೆ.

ಕಳೆದ ತಿಂಗಳು ಸರೋಜಕ್ಕ ನಮ್ಮ ಮನೆಗೆ ಬಂದು ಕೂತು ಹೇಳಿದರು. ನೀವು ಹೈವೇಯಲ್ಲಿ ಕಾರು ಓಡಿಸುವುದನ್ನು ಬಿಟ್ಟಿದ್ದೀರಂತೆ. ಒಲೆ ಆರಿಸಿದ್ದನ್ನು ಮೂರು ಸಲ ಹೋಗಿ ನೋಡುತ್ತೀರಂತೆ. ನಲ್ಲಿಯ ವಾಷರ್ ಬದಲಿಸುವುದಕ್ಕೂ ಪ್ಲಂಬರನ್ನು ಕರೆಸುತ್ತೀರಂತೆ. ನಲವತ್ತು ವರ್ಷ ಯಂತ್ರಗಳ ನಕ್ಷೆ ಬರೆದ ಮನುಷ್ಯ!

"ಡಾಕ್ಟ್ರು ಎಲ್ಲಾ ಟೆಸ್ಟ್ ಮಾಡಿ ಏನೂ ಇಲ್ಲ ಅಂದ್ರು ಕಣೇ. ಇವ್ರು ನಂಬಲ್ಲ. 'ಅವತ್ತು ಬಂದೂಕಲ್ಲೇ ಗೊತ್ತಾಯ್ತು ಸರೋಜಾ, ನನ್ ಕೈ ಇನ್ಮೇಲೆ ನಂಬೋ ಹಾಗಿಲ್ಲ' ಅಂತಾರೆ. ಅದನ್ನ ಅವತ್ತಿಂದ ಬಿಚ್ಚೇ ಇಲ್ಲ. ಬೀರುವಲ್ಲಿ ಹಾಗೇ ಇದೆ."

ನಾನು ಎದ್ದು ಅಡುಗೆಮನೆಗೆ ಹೋದೆ. ಸರೋಜಕ್ಕನಿಗೆ ಟೀ ತರಲು ಹೋದೆ ಅನ್ನಿಸಿರಬೇಕು. ಸಿಂಕಿನ ಅಂಚು ಹಿಡಿದುಕೊಂಡು ನಿಂತಿದ್ದೆ.

ನಿಮ್ಮ ತಪ್ಪು ಕಣ್ಣಿಗೆ ಬಿದ್ದೀತು ಎಂಬ ಭಯಕ್ಕೆ ನೀವು ಅದನ್ನು ಬಿಚ್ಚಲಿಲ್ಲ. ಬಿಚ್ಚಿದ್ದರೆ ಸಿಗುತ್ತಿದ್ದದ್ದು ನನ್ನ ತಪ್ಪು. ನನ್ನ ಭಯವನ್ನು ಬಿಡಿಸಿದವರು ನೀವು — ನಾನು ನಿಮಗೊಂದು ಭಯ ಕೊಟ್ಟು, ಅದರ ಮರೆಯಲ್ಲೇ ಆರು ವರ್ಷ ಅಡಗಿಕೊಂಡೆ. ನಾಚಿಕೆಯಾಗುತ್ತದೆ ಅಣ್ಣ. ತುಂಬ ನಾಚಿಕೆಯಾಗುತ್ತದೆ. ಗೊತ್ತಿಲ್ಲದೆ ಎಣ್ಣೆ ಹಾಕಿದೆ ಎಂದು ಹೇಳಿಕೊಳ್ಳಬಹುದು. ಗೊತ್ತಿದ್ದೂ ಹೌದಣ್ಣ ಅಂದದ್ದಕ್ಕೆ ಏನೂ ಹೇಳಿಕೊಳ್ಳಲಾರೆ.

ಈ ಶನಿವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ. ನಾಗೇಂದ್ರನನ್ನೂ ಕರೆದಿದ್ದೇನೆ. ಅವತ್ತು ಯಾರೆದುರಿಗೆ ಹೇಳಲು ಬಾಯಿ ಬರಲಿಲ್ಲವೋ ಅವನೆದುರಿಗೇ ಹೇಳಬೇಕು. ನೀವು ಕೊಟ್ಟ ಡಬ್ಬಿ ತರುತ್ತೇನೆ, ಅದರ ಮುಚ್ಚಳದ ಸೀಲು ಇವತ್ತಿಗೂ ಒಡೆದಿಲ್ಲ. ಕಾಫಿ ಆಮೇಲೆ. ನೀವು ಏನು ಬೈದರೂ ಕೇಳಿಸಿಕೊಳ್ಳುತ್ತೇನೆ, ಬೈಯದೆ ಸುಮ್ಮನಿದ್ದರೆ ಅದನ್ನೂ. ಆದರೆ ಮೊದಲು ಬೀರುವಿನಿಂದ ಆ ಬಂದೂಕು ತೆಗೆದು, ನಮ್ಮಿಬ್ಬರ ಮುಂದೆ, ನಿಮ್ಮ ಕೈಯಿಂದಲೇ ಬಿಚ್ಚಿ. ಯಾರೂ ಸಹಾಯ ಮಾಡುವುದಿಲ್ಲ. ಒಳಗೆ ಜಿಗುಟಾಗಿ ಮೆತ್ತಿಕೊಂಡಿರುವುದನ್ನು ಬೆರಳಿನಲ್ಲಿ ಮುಟ್ಟಿ, ಮೂಸಿ ನೋಡಿ. ಮುಗ್ಗಿದ ಕೊಬ್ಬರಿಯ ವಾಸನೆ ಬರುತ್ತದೆ, ಅದು ನನ್ನದು.

ಅದನ್ನು ಒರೆಸಿದ ಮೇಲೆ ಒಂದೊಂದೇ ಬಿಡಿಭಾಗ ನೋಡಿಕೊಳ್ಳಿ. ಎಲ್ಲವೂ ಇರಬೇಕಾದ ಜಾಗದಲ್ಲೇ ಇರುತ್ತವೆ. ಅವತ್ತು ನೀವು ಸರಿಯಾಗಿಯೇ ಜೋಡಿಸಿದ್ದಿರಿ, ವೆಂಕಟೇಶಣ್ಣ.