ಜರಿದ ಗುಡ್ಡಕ್ಕೆ ಹೂವು ಹೊತ್ತವರು

ಆಗಸ್ಟ್ 11, ಸೋಮವಾರ, ಬೆಳಿಗ್ಗೆ ಆರೂಕಾಲು. ಮಳೆ ಬಿಟ್ಟಿಲ್ಲ.

ಅವರ ಕಾಲಿಗೆ ಜಿಗಣೆ ಹತ್ತುತ್ತಿರಲಿಲ್ಲ. ಆಷಾಢದ ಹುಲ್ಲಿನಲ್ಲಿ ಬರಿಗಾಲಲ್ಲಿ ನಡೆದರೂ ಜಿಗಣೆಗಳು ತಲೆಯೆತ್ತಿ, ಮೂಸಿ ನೋಡಿದಂತೆ ಮಾಡಿ, ಪಕ್ಕಕ್ಕೆ ಸರಿಯುತ್ತಿದ್ದವು. ಅವರ ಹಿಂದೆ ಗೊಬ್ಬರದ ಬುಟ್ಟಿ ಹೊತ್ತು ಹೋಗುತ್ತಿದ್ದ ನನ್ನ ಕಾಲು ಮಾತ್ರ ರಕ್ತಮಯ.

ಕೊಟ್ಟಿಗೆಹಾರದಲ್ಲಿ ಹೂವಿನ ಅಂಗಡಿ ಇಟ್ಟಿದ್ದ ಹೆಂಗಸು ಅವರು. ನಮ್ಮ ಎಸ್ಟೇಟಿನ ಗುಡ್ಡ ಮೊದಲ ಸಲ ಜರಿದ ವರ್ಷ ಎಲ್ಲಿಂದಲೋ ಬಂದರು. ಅಂದಿನಿಂದ ಅವರ ಒಂದು ಕೂದಲೂ ನರೆತಿರಲಿಲ್ಲ. ಅವರು ಕಟ್ಟಿದ ಸೇವಂತಿಗೆ ಮಾಲೆ ವಾರ ಕಳೆದರೂ ಬಾಡುತ್ತಿರಲಿಲ್ಲ. ಊರವರು ಯಕ್ಷಿಣಿ ಎನ್ನುತ್ತಿದ್ದರು, ಹೆದರಿ ಅಲ್ಲ, ಸಲಿಗೆಯಿಂದ.

"ಯಕ್ಷಿಣಿ ಅಂದ್ರೆ ಕಥೇಲಿ ಹೇಳೋ ಹಾಗೆ ದಾರೀಲಿ ನಿಂತು ಸುಣ್ಣ ಕೇಳ್ಬೇಕಲ್ಲ ಮಾರಾಯ್ತಿ?" ಎಂದು ಜೀಪಿನ ಡ್ರೈವರ್ ಒಬ್ಬ ಕೆಣಕಿದ್ದ.

"ಸುಣ್ಣ ನೀನೇ ಇಟ್ಕೋ ಮಾರಾಯ. ಸಗಣಿ ಇದ್ರೆ ಜೀಪಲ್ಲಿ ಹಾಕ್ಕೊಂಡು ಬಾ."

ಕಡೆಗೆ ಬಾಡಿದ ಮೇಲೆ ಮಾಲೆ ವಾಪಸು ತಂದವರಿಗೆ ಒಂದು ಮೊಳ ಹೂವು ಹೆಚ್ಚಿಗೆ ಕೊಡುತ್ತಿದ್ದರು. ಆ ಬಾಡಿದ ಹೂವು, ಸಗಣಿ ಎಲ್ಲ ಹೋಗುತ್ತಿದ್ದುದು ಜರಿದ ಗುಡ್ಡಕ್ಕೆ. ಕಳೆನಾಶಕ ಹೊಡೆದು ಹೊಡೆದು ಅಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ. ಅದರ ಬುಡದಲ್ಲೇ ನಮ್ಮ ಮನೆಯೂ ಸೇರಿ ಕೆಲಸದವರ ಲೈನು ಮನೆಗಳು. "ಮಣ್ಣಿಗೆ ಸುಸ್ತಾಗಿದೆ, ಬಯ್ಬೇಡಿ" ಎನ್ನುತ್ತಾ ಅವರು ಸಾಲುಸಾಲಾಗಿ, ಬೇರಿನಿಂದ ಮಣ್ಣು ಹಿಡಿಯುವ ಲಾವಂಚ ನೆಟ್ಟರು. ಮಳೆ ಹಿಡಿದ ಮೇಲೆ ನೆಲಕ್ಕೆ ಕಿವಿಯಿಟ್ಟು ಮಲಗಿ, ಒಳಗೆ ನೀರು ಒತ್ತುತ್ತಿರುವ ಜಾಗ ಹುಡುಕಿ, ಅಲ್ಲಿ ಅಗೆದು ನೀರನ್ನು ಹೊರಗೆ ಹರಿಸುತ್ತಿದ್ದರು. ಆ ಜಾಗ ವರ್ಷವರ್ಷಕ್ಕೆ ಬದಲಾಗುತ್ತಿತ್ತು. ನಾನೂ ಕಿವಿಯಿಟ್ಟಿದ್ದೇನೆ. ಏನೂ ಕೇಳಿಸಲಿಲ್ಲ.

ಗುಡ್ಡ ಹಸಿರಾಯಿತು. ನಮ್ಮ ಎಸ್ಟೇಟಿನ ಮೇಸ್ತ್ರಿಗೆ ಕೃತಜ್ಞತೆ ತಡೆಯಲಾಗಲಿಲ್ಲ. ಈ ಬೇಸಿಗೆಯಲ್ಲಿ, ಗುಡ್ಡದ ಮೇಲೆ ಅವರು ಕೂರುತ್ತಿದ್ದ ಜಾಗದಲ್ಲೇ ಅವರ ಹೆಸರಿನ ಕಟ್ಟೆ ಕಟ್ಟಿಸಲು ಹೊರಟರು.

"ಅಲ್ಲಿ ಬೇಡ ಮೇಸ್ತ್ರಿ. ಅಡೀಲಿ ನೀರಿದೆ, ಹೊರಗೆ ಬರೋಕಾಗದೆ ಅದಕ್ಕೆ ಉಸಿರು ಕಟ್ಟುತ್ತೆ."

ಮೇಸ್ತ್ರಿ ಕೈಮುಗಿದು ನಕ್ಕರು. "ದೊಡ್ಡೋರು ಬೇಡ ಅಂತ್ಲೇ ಹೇಳೋದು. ನಾವು ಮಾಡೋದು ಮಾಡ್ಬೇಕು."

ಅವರು ಹೂವು ತರಲು ಚಿಕ್ಕಮಗಳೂರಿಗೆ ಹೋದ ದಿನ ಸಿಮೆಂಟು ಬಿತ್ತು, ಪೂಜೆಯೂ ಆಯಿತು. ಹಿಂತಿರುಗಿದವರು ಹಸಿ ಸಿಮೆಂಟಿನ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಕೂತರು. "ಈಗ್ಲೇ ಒಡೀರಿ" ಎಂದರು.

"ಕುಂಕುಮ ಹಚ್ಚಿದ ಕಲ್ಲಿಗೆ ಪಿಕಾಸಿ ಹಾಕೋದುಂಟಾ?" ಎಂದರು ನಮ್ಮಮ್ಮ. ಯಾರೂ ಮುಂದೆ ಬರಲಿಲ್ಲ. ಅವರೇ ಪಿಕಾಸಿ ಎತ್ತಿದಾಗ ಹೆಂಗಸರು ಕಾಲು ಹಿಡಿದು ಅತ್ತರು. ಅವರು ಪಿಕಾಸಿ ಇಳಿಸಿದರು. ಯಾರ ಕಣ್ಣೀರನ್ನೂ ದಾಟಿ ಹೋಗುವವರಲ್ಲ ಅವರು.

ಜುಲೈ ಕೊನೆಯಲ್ಲಿ ಒಂದು ನಸುಕಿನಲ್ಲಿ ಪ್ರತಿ ಮನೆಯ ಬಾಗಿಲು ಬಡಿದರು. "ಏಳಿ, ಮಕ್ಕಳನ್ನ ಎತ್ಕೊಳ್ಳಿ, ಪಾತ್ರೆ ಬಿಡಿ!" ನಾವೆಲ್ಲ ರಸ್ತೆಗೆ ಓಡಿದೆವು. ಅವರು ಪಿಕಾಸಿ ಹಿಡಿದು ಮೇಲಕ್ಕೆ ಹತ್ತಿದರು. ಕಟ್ಟೆಗೆ ಏಟು ಬೀಳುವುದು ರಸ್ತೆಗೆ ಕೇಳುತ್ತಿತ್ತು. ಆಮೇಲೆ ಕಟ್ಟೆಯೊಂದಿಗೆ ಗುಡ್ಡವೇ ಇಳಿಯಿತು. ಕೆಸರು ಲಾವಂಚದ ಕೊನೆಯ ಸಾಲುಗಳಿಗೆ ತಾಗಿ, ನಮ್ಮ ಹಿತ್ತಲ ಗೋಡೆಯ ಹಿಂದೆ ನಿಂತಿತು. ನಾವು ಎಲ್ಲರೂ ಉಳಿದಿದ್ದೇವೆ. ಅವರು ಸಿಕ್ಕಿಲ್ಲ.

"ಅವ್ರಿಗೆ ಸಾವಿಲ್ಲ, ಕಾಡಿಗೆ ಹೋದ್ರು" ಎನ್ನುತ್ತಾರೆ ಮೇಸ್ತ್ರಿ. ಹಾಗೆಂದವರೇ ದಿನಾ ಮಳೆಯಲ್ಲಿ ಗುಡ್ಡದ ಮೇಲೆ ಕಿವಿಯಿಟ್ಟು ಮಲಗುತ್ತಾರೆ, ಒಂದೊಂದು ಕಡೆ ಅಗೆಯುತ್ತಾರೆ. ನೀರು ಸಿಗುತ್ತಿಲ್ಲ. ಹೋಗಲು ಬೇರೆ ಜಾಗವಿಲ್ಲದೆ ನಾವು ಅದೇ ಮನೆಗಳಲ್ಲಿದ್ದೇವೆ. ಇನ್ನೂ ಒಂದು ತಿಂಗಳ ಮಳೆ ಬಾಕಿ ಇದೆ.

ಇಲ್ಲಿಗೆ ಬರುವ ಮೊದಲು ಬೇರೊಂದು ಊರಿನ ಗುಡ್ಡ ನೋಡಿಕೊಳ್ಳುತ್ತಿದ್ದೆ ಎಂದು ಅವರು ಒಮ್ಮೆ ಹೇಳಿದ್ದರು. ಯಾವ ಊರೆಂದು ನಾನು ಕೇಳಲಿಲ್ಲ. ಆ ಊರಿನವರು ಇದನ್ನು ಓದಿದರೆ ದಯವಿಟ್ಟು ಬೇಗ ಬರೆಯಿರಿ: ಅವರು ಬಿಟ್ಟುಬಂದ ಮೇಲೆ ನೀರಿನ ಜಾಗವನ್ನು ನೀವು ಹೇಗೆ ಹುಡುಕಿದಿರಿ? ಒಂದು ವೇಳೆ ಅವರು ನಿಮ್ಮಲ್ಲಿಗೇ ಮರಳಿದ್ದರೆ, ಇಲ್ಲಿ ಇನ್ನು ಯಾರೂ ಅವರಿಗೆ ಕಟ್ಟೆ ಕಟ್ಟುವುದಿಲ್ಲ ಎಂದು ತಿಳಿಸಿ.